ಡೆಸೊಲೇಷನ್ ಶಿಖರದ ಬೆಂಕಿ ಕಾವಲುಮನೆ: ಫೋಟೋ ನೋಡಿದವರು, ತೆಗೆಯಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೋಳು ನೆತ್ತಿಯ ಬೆಟ್ಟ. ಅದರ ಮೇಲೆ ಸುತ್ತಲೂ ಗಾಜು ಹಾಕಿದ ಚಿಕ್ಕ ಮರದ ಮನೆ, ಬೆನ್ನಿಗೆ ಕಪ್ಪು ಬಂಡೆಯ ಜೋಡಿ ಶಿಖರ. ಅಮೆರಿಕದ ಬೀಟ್ ಪೀಳಿಗೆಯ, ಅಂದರೆ 1950ರ ದಶಕದಲ್ಲಿ ರೂಢಿಯ ಬದುಕಿಗೆ ಬೆನ್ನು ತಿರುಗಿಸಿದ ಬರಹಗಾರರನ್ನು ಓದಿದವರಿಗೆ ಈ ಫೋಟೋ ಎಲ್ಲೋ ಒಂದು ಕಡೆ ಎದುರಾಗಿಯೇ ಇರುತ್ತದೆ. ಆ ಪೀಳಿಗೆಯ ಕಾದಂಬರಿಕಾರ ಜ್ಯಾಕ್ ಕೆರೊವಾಕ್ ಒಂದು ಬೇಸಿಗೆ ಕಾಳ್ಗಿಚ್ಚು ಕಾದದ್ದು ಈ ಮನೆಯಲ್ಲೇ. ಜೊತೆಗೆ ಬರುವ ಅಡಿಬರಹ ಮಾತ್ರ ಎಷ್ಟೋ ಸಲ ತಪ್ಪಾಗಿರುತ್ತದೆ. ಜಾಗ, ಮನೆ, ಒಳಗಿನ ಉಪಕರಣ, ಹಾದಿ, ಕ್ಯಾಮೆರಾ, ಹಕ್ಕುಸ್ವಾಮ್ಯ ಎಲ್ಲದರ ಬಗ್ಗೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಈ ಮನೆ ಇರುವುದು ಎಲ್ಲಿ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಉತ್ತರ ತುದಿಯಲ್ಲಿ, ನಾರ್ತ್ ಕ್ಯಾಸ್ಕೇಡ್ಸ್ ಪರ್ವತ ಸಾಲಿನಲ್ಲಿ. ಡೆಸೊಲೇಷನ್ ಶಿಖರದ ಎತ್ತರ 6,102 ಅಡಿ, ಅಂದರೆ ಸುಮಾರು 1,860 ಮೀಟರ್. ಕೆನಡಾದ ಗಡಿ ಅಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು. ಪಶ್ಚಿಮಕ್ಕೆ ಬೆಟ್ಟದ ಬುಡದಲ್ಲೇ ರಾಸ್ ಸರೋವರ ಇದೆ. ಹೆಸರು ಸರೋವರವಾದರೂ ಅದು ಸಿಯಾಟಲ್ ನಗರಕ್ಕೆ ವಿದ್ಯುತ್ ಕೊಡಲು ಸ್ಕ್ಯಾಜಿಟ್ ನದಿಗೆ ಕಟ್ಟಿದ 540 ಅಡಿ ಎತ್ತರದ ರಾಸ್ ಅಣೆಕಟ್ಟಿನ ಹಿನ್ನೀರು. ಈ ಮನೆಗೆ ರಸ್ತೆ ಇಲ್ಲ, ಬೆಟ್ಟದ ಬುಡಕ್ಕೂ ಇಲ್ಲ.

'ಡೆಸೊಲೇಷನ್' ಎಂಬ ಹೆಸರು ಕೆರೊವಾಕ್ ಇಟ್ಟದ್ದೇ?

ಅಲ್ಲ. 1926ರಲ್ಲಿ ಕಾಳ್ಗಿಚ್ಚು ಈ ಬೆಟ್ಟದ ಇಳಿಜಾರನ್ನು ಸುಟ್ಟು ಬೋಳು ಮಾಡಿತು. ಅದನ್ನು ಕಂಡ ಸರ್ವೆಗಾರ ಲಾಗ್ ವರ್ನ್‌ಸ್ಟೆಟ್ ನಕ್ಷೆಯಲ್ಲಿ 'ಪಾಳು ಬಿದ್ದ ಶಿಖರ' ಎಂಬರ್ಥದ ಈ ಹೆಸರು ಬರೆದ. ಆರು ವರ್ಷದ ನಂತರ, 1932ರಲ್ಲಿ, ಸುಟ್ಟ ಬೆಟ್ಟದ ನೆತ್ತಿಯಲ್ಲೇ ಬೆಂಕಿ ಕಾಯುವ ಮನೆ ಎದ್ದಿತು. ಹೆಸರಿನಲ್ಲಿ ಕವಿತ್ವ ಕಾಣುವವರಿಗೆ ನಿರಾಸೆಯಾಗಬಹುದು, ಅದು ಬರೀ ವರದಿ.

ಫೋಟೋದಲ್ಲಿರುವುದು ಡೆಸೊಲೇಷನ್ ಮನೆಯೇ ಎಂದು ಗುರುತಿಸುವುದು ಹೇಗೆ?

ಮೊದಲು ಮನೆಯನ್ನು ಬಿಟ್ಟು ಹಿನ್ನೆಲೆ ನೋಡಿ. ಒಂದೇ ಮಾದರಿಯ ಕಾವಲುಮನೆಗಳನ್ನು ಅಮೆರಿಕದ ಪಶ್ಚಿಮ ಭಾಗದಲ್ಲಿ ಬೇಕಾದಷ್ಟು ಕಟ್ಟಿದ್ದರು, ಹಾಗಾಗಿ ಮನೆಯ ಮುಖ ನೋಡಿ ಊರು ಹೇಳಲಾಗದು. ಹಿಂದೆ ಕಡಿದಾದ ಎರಡು ಕೋಡುಗಳ ಕಪ್ಪು ಪರ್ವತ ಇದ್ದರೆ ಅದು ಹೋಜೊಮೀನ್, 8,000 ಅಡಿಗೂ ಎತ್ತರ. ಅದರ ಮುಂದೆ ಮನೆ ನೆಲಮಟ್ಟದಲ್ಲೇ ಕೂತಿದ್ದರೆ ಡೆಸೊಲೇಷನ್ ಎಂದು ಧೈರ್ಯವಾಗಿ ಹೇಳಬಹುದು.

ಉದ್ದ ಕಂಬಗಳ ಮೇಲೆ ನಿಂತ ಗೋಪುರ ಕಂಡರೆ ಅದು ಬೇರೆ ಜಾಗ. ಮನೆಯ ಕೆಳಗೆ ಹಾಲು ಬೆರೆಸಿದ ಪಚ್ಚೆಯಂಥ ನೀರು ಕಂಡರೆ ಅದು ಡಯಾಬ್ಲೊ ಸರೋವರ. ಹಿಮನದಿ ಅರೆದ ಕಲ್ಲಿನ ನುಣ್ಣನೆ ಪುಡಿ ನೀರಿನಲ್ಲಿ ತೇಲುವುದರಿಂದ ಆ ಬಣ್ಣ. ಅಂಥ ಚಿತ್ರ ಬಹುಶಃ ಸೌರ್‌ಡೋ ಬೆಟ್ಟದಿಂದ ತೆಗೆದದ್ದು. ದೊಡ್ಡ ಬಂಡೆಗಳ ರಾಶಿಯ ಮೇಲೆ ಕೂತ ಮನೆಯ ಫೋಟೋಗೂ 'ಕೆರೊವಾಕ್ ಮನೆ' ಎಂದು ಬರೆದು ಹಂಚುವವರಿದ್ದಾರೆ. ಅದು ಸಾಮಾನ್ಯವಾಗಿ ಹಿಡನ್ ಲೇಕ್ ಕಾವಲುಮನೆ.

ಕೆರೊವಾಕ್ ಇಲ್ಲಿ ಎಷ್ಟು ದಿನ ಇದ್ದ? ಏನು ಬರೆದ?

1956ರ ಬೇಸಿಗೆಯಲ್ಲಿ 63 ದಿನ. ಕ್ಯಾಲಿಫೋರ್ನಿಯಾದಿಂದ ಕಂಡ ಕಂಡ ಗಾಡಿಗೆ ಕೈ ತೋರಿಸುತ್ತ ಬಂದು, ಮಾರ್ಬಲ್‌ಮೌಂಟ್ ಎಂಬ ಊರಿನ ಅರಣ್ಯ ಠಾಣೆಯಲ್ಲಿ ಬೆಂಕಿ ನಂದಿಸುವ ತರಬೇತಿ ಮುಗಿಸಿದ. ದೋಣಿಯಲ್ಲಿ ಸರೋವರ ದಾಟಿ, ಹೇಸರಗತ್ತೆಗಳ ಜೊತೆ ಬೆಟ್ಟ ಹತ್ತಿದ್ದು ಜುಲೈ ಮೊದಲ ವಾರದಲ್ಲಿ, ಇಳಿದದ್ದು ಸೆಪ್ಟೆಂಬರ್ ಆರಂಭದಲ್ಲಿ. ಆಗ ಅವನ ಹೆಸರಿನಲ್ಲಿ ಪುಸ್ತಕವಾಗಿ ಪ್ರಕಟವಾಗಿದ್ದದ್ದು 1950ರ ಮೊದಲ ಕಾದಂಬರಿ ಒಂದೇ. ಹೆಸರು ತಂದ 'ಆನ್ ದ ರೋಡ್' ಹೊರಬಂದದ್ದು ಮರುವರ್ಷ, 1957ರ ಸೆಪ್ಟೆಂಬರ್‌ನಲ್ಲಿ.

ಬೆಟ್ಟದ ಮೇಲೆ ಅವನು ದಿನಚರಿ ಬರೆದ. ಆ ಅನುಭವ ಮುಂದೆ 'ದ ಧರ್ಮ ಬಮ್ಸ್' (1958) ಕಾದಂಬರಿಯ ಕೊನೆಯ ಅಧ್ಯಾಯಗಳಲ್ಲಿ, 'ಲೋನ್ಸಮ್ ಟ್ರಾವೆಲರ್' (1960) ಸಂಕಲನದ ಒಂದು ಪ್ರಬಂಧದಲ್ಲಿ, 'ಡೆಸೊಲೇಷನ್ ಏಂಜಲ್ಸ್' (1965) ಕಾದಂಬರಿಯ ಮೊದಲ ಭಾಗದಲ್ಲಿ ಬಂತು. ಮೂರನ್ನೂ ಒಟ್ಟಿಗೆ ಓದಿದರೆ ಒಂದು ವಿಚಿತ್ರ ಕಾಣುತ್ತದೆ. 1958ರ ಪುಸ್ತಕದಲ್ಲಿ ಬೆಟ್ಟ ಬೆಳಕು ಕೊಡುವ ಗುರು. 1965ರದ್ದರಲ್ಲಿ ಬೇಸರ, ಇಲಿ ಕೊಂದ ಪಾಪಪ್ರಜ್ಞೆ, ಇಸ್ಪೀಟು ಎಲೆ ಹಿಡಿದು ಒಬ್ಬನೇ ಆಡುವ ಕಲ್ಪನೆಯ ಬೇಸ್‌ಬಾಲ್. ದಿನಚರಿಗೆ ಹತ್ತಿರ ಇರುವುದು 1965ರದ್ದು. ಫೋಟೋ ನೋಡಿ 'ಆಹಾ, ಎಂಥ ಏಕಾಂತ' ಎನ್ನುವವರು ಅದನ್ನೇ ಮೊದಲು ಓದಬೇಕು. ಇಂಥ ಇನ್ನೊಂದು ಬೇಸಿಗೆಗೆ ಅವನು ಮರಳಿ ಬರಲಿಲ್ಲ.

ಗ್ಯಾರಿ ಸ್ನೈಡರ್ ಕೂಡ ಇದೇ ಮನೆಯಲ್ಲಿದ್ದನೇ?

ಇಲ್ಲ. ಬೀಟ್ ಬಳಗದ ಕವಿ ಸ್ನೈಡರ್ 1952ರಲ್ಲಿ ಅದೇ ಸೀಮೆಯ ಕ್ರೇಟರ್ ಬೆಟ್ಟದಲ್ಲಿ, 1953ರಲ್ಲಿ ಸೌರ್‌ಡೋ ಬೆಟ್ಟದಲ್ಲಿ ಕಾವಲಿದ್ದ. ಕಮ್ಯುನಿಸ್ಟ್ ಬೇಟೆಯ ಆ ಕಾಲದಲ್ಲಿ ರಾಜಕೀಯ ಅನುಮಾನದ ಮೇಲೆ 1954ರಲ್ಲಿ ಅವನಿಗೆ ಈ ಕಾವಲುಮನೆಗಳನ್ನು ನಡೆಸುತ್ತಿದ್ದ ಅಮೆರಿಕದ ಅರಣ್ಯ ಸೇವೆಯ ಬಾಗಿಲು ಮುಚ್ಚಿತು. ಅವನ ಗೆಳೆಯ, ಕವಿ ಫಿಲಿಪ್ ವೇಲನ್ 1953ರಲ್ಲಿ ಸಾಕ್ ಬೆಟ್ಟದಲ್ಲಿದ್ದ, ನಂತರದ ಎರಡು ಬೇಸಿಗೆ ಸೌರ್‌ಡೋದಲ್ಲಿ ಕಳೆದ. ಈ ಕೆಲಸಕ್ಕೆ ಅರ್ಜಿ ಹಾಕು ಎಂದು ಕೆರೊವಾಕ್‌ಗೆ ಹುಮ್ಮಸ್ಸು ತುಂಬಿದವರು ಇವರೇ. ಆದರೆ ಅವನು ಬೆಟ್ಟ ಹತ್ತುವ ಹೊತ್ತಿಗೆ ಸ್ನೈಡರ್ ಜಪಾನಿಗೆ ಹೋಗಿ ಆಗಿತ್ತು. ಮೂವರೂ ಒಂದೇ ಮನೆಯಲ್ಲಿ ಕೂತು ಹರಟಿದರು ಎಂಬ ಮಾತಿಗೆ ಆಧಾರವಿಲ್ಲ.

ಕ್ರೇಟರ್ ಬೆಟ್ಟದ ಮನೆ ಈಗ ಇಲ್ಲ. ಸೌರ್‌ಡೋ ಮನೆ ಇದೆ. ಕವಿತೆಯ ದೃಷ್ಟಿಯಿಂದ ತೂಗಿದರೆ ಸೌರ್‌ಡೋಗೇ ತೂಕ ಹೆಚ್ಚು, ಯಾಕೆಂದರೆ ಸ್ನೈಡರ್ ಮತ್ತು ವೇಲನ್ ಇಬ್ಬರೂ ಅದರ ಹೆಸರಿನಲ್ಲೇ ಕವಿತೆ ಬರೆದಿದ್ದಾರೆ. ಕ್ಯಾಮೆರಾಗಳು ಮಾತ್ರ ಡೆಸೊಲೇಷನ್ ಕಡೆಗೇ ತಿರುಗುತ್ತವೆ.

ಮನೆ ಯಾಕೆ ಹೀಗಿದೆ? ನಾಲ್ಕೂ ಕಡೆ ಗಾಜು, ಎತ್ತಿ ನಿಲ್ಲಿಸಿದ ಹಲಗೆಗಳು?

ಇದು ವಾಸಕ್ಕೆಂದು ಕಟ್ಟಿ ಆಮೇಲೆ ಕಿಟಕಿ ಇಟ್ಟ ಮನೆ ಅಲ್ಲ. ನೋಡುವುದಕ್ಕೆಂದು ಕಟ್ಟಿ, ಮೂಲೆಯಲ್ಲಿ ಹಾಸಿಗೆಗೆ ಜಾಗ ಬಿಟ್ಟದ್ದು. ಹೊಲ ಕಾಯುವ ಅಟ್ಟಣೆಯ ಲೆಕ್ಕಾಚಾರವೇ, ಚಳಿಗೆ ಗಾಜು ಸೇರಿದೆ ಅಷ್ಟೆ.

ಮಾದರಿಯ ಹೆಸರು ಎಲ್-4. ಅಳತೆ 14 ಅಡಿಗೆ 14 ಅಡಿ, ಒಂದೇ ಕೋಣೆ. ಮರದ ಭಾಗಗಳನ್ನು ಕೆಳಗೇ ಅಳತೆಗೆ ಕೊಯ್ದು, ಹೇಸರಗತ್ತೆ ಹೊರಬಲ್ಲ ಉದ್ದ, ತೂಕದ ಕಟ್ಟುಗಳಾಗಿ ಮೇಲಕ್ಕೆ ಸಾಗಿಸಿ ಜೋಡಿಸುತ್ತಿದ್ದರು. ಮಂಚ, ಮೇಜು, ಕಪಾಟು ಎಲ್ಲವೂ ಕಿಟಕಿಯ ಕೆಳಅಂಚಿಗಿಂತ ತಗ್ಗು, ಯಾವುದೂ ನೋಟಕ್ಕೆ ಅಡ್ಡ ಬರಬಾರದು. ಒಂದು ಸೌದೆ ಒಲೆ. ನಟ್ಟನಡುವೆ ಬೆಂಕಿ ಗುರುತಿಸುವ ಉಪಕರಣ.

ಕಿಟಕಿಗಳ ಹೊರಗಿನ ಮರದ ಹಲಗೆಗಳಿಗೆ ಮೇಲ್ತುದಿಯಲ್ಲಿ ಕೀಲು ಇದೆ. ಬೇಸಿಗೆಯಲ್ಲಿ ಅವನ್ನು ಎತ್ತಿ ಕೋಲು ಕೊಟ್ಟರೆ ಸೂರಿನಂತೆ ನೆರಳು. ಕೆಲಸದ ಕಾಲ ಮುಗಿದಾಗ ಇಳಿಸಿ ಭದ್ರ ಮಾಡಿದರೆ ಹಿಮದ ಭಾರಕ್ಕೆ ಗಾಜು ಒಡೆಯುವುದಿಲ್ಲ. ಫೋಟೋ ಓದುವವರಿಗೆ ಇದೊಂದು ಸುಳಿವು: ಹಲಗೆ ಎತ್ತಿದ್ದರೆ ಒಳಗೆ ಜನ ಇದ್ದ ಬೇಸಿಗೆಯ ಚಿತ್ರ, ಇಳಿಸಿದ್ದರೆ ಋತುವಿನ ಹೊರಗಿನದು.

ಇಂಥ ಮನೆಗಳ ಅಗತ್ಯ ಎದ್ದು ಕಂಡದ್ದು 1910ರ ಆಗಸ್ಟ್‌ನಲ್ಲಿ. ಆಗ ಐಡಾಹೊ, ಮೊಂಟಾನಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಎರಡು ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟಿತು. ಬೆಂಕಿಯನ್ನು ಚಿಕ್ಕದಿದ್ದಾಗಲೇ ಕಾಣಬೇಕು ಎಂಬ ಹಟ ಅಲ್ಲಿಂದ ಬಲವಾಯಿತು.

ಕೋಣೆಯ ನಡುವೆ ಇರುವ ದುಂಡನೆ ಯಂತ್ರ ಯಾವುದು? ಹೇಗೆ ಬಳಸುತ್ತಾರೆ?

ಆಸ್‌ಬೋರ್ನ್ ಫೈರ್ ಫೈಂಡರ್. ಅರಣ್ಯ ಸೇವೆಯ ವಿಲಿಯಂ ಆಸ್‌ಬೋರ್ನ್ 1910ರ ದಶಕದಲ್ಲಿ ರೂಪಿಸಿದ್ದು. ಒಳಗಿನ ಫೋಟೋ ತೆಗೆಯುವವರು ಇದನ್ನು ಅಲಂಕಾರದ ವಸ್ತುವಿನಂತೆ ಹಿಡಿಯುತ್ತಾರೆ, ಆದರೆ ಇಡೀ ಮನೆ ಇರುವುದೇ ಇದಕ್ಕಾಗಿ.

ದುಂಡನೆ ಲೋಹದ ತಟ್ಟೆ, ಅದರ ಮೇಲೆ ಸುತ್ತಲ ಪ್ರದೇಶದ ನಕ್ಷೆ. ನಕ್ಷೆಯ ಕೇಂದ್ರದಲ್ಲಿ ಕಾವಲುಮನೆ, ನಕ್ಷೆಯ ಉತ್ತರ ನಿಜ ಉತ್ತರಕ್ಕೆ ಹೊಂದಿರಬೇಕು. ತಟ್ಟೆಯ ಸುತ್ತ ತಿರುಗುವ ಉಂಗುರ. ಉಂಗುರದ ಒಂದು ಕಡೆ ಸಣ್ಣ ಕಂಡಿಯ ನೋಟಪಟ್ಟಿ, ಎದುರು ಕಡೆ ಚೌಕಟ್ಟಿನಲ್ಲಿ ನೆಟ್ಟಗೆ ಬಿಗಿದ ಕುದುರೆ ಕೂದಲು. ಎರಡರ ನಡುವೆ ನಕ್ಷೆಯ ಮೇಲೆ ಹಾಯುವ ದೂರದ ಪಟ್ಟಿ.

ಹೊಗೆ ಕಂಡಾಗ ಕೆಲಸ ನಡೆಯುವುದು ಹೀಗೆ. ಉಂಗುರ ತಿರುಗಿಸಿ, ಕಂಡಿಯಿಂದ ನೋಡುತ್ತ, ಕೂದಲನ್ನು ಹೊಗೆಯ ಬುಡಕ್ಕೆ ಹೊಂದಿಸಬೇಕು. ತುದಿಗೆ ಹೊಂದಿಸಿದರೆ ಕೆಟ್ಟಿತು, ಗಾಳಿ ಹೊಗೆಯನ್ನು ಕಣಿವೆಯಾಚೆಗೆ ಎಳೆದೊಯ್ದಿರುತ್ತದೆ. ಬಳಿಕ ಉಂಗುರದ ಅಂಚಿನ ಅಳತೆಯಲ್ಲಿ ದಿಕ್ಕಿನ ಕೋನವನ್ನು ಡಿಗ್ರಿ ಮತ್ತು ಅದರ ಭಾಗಗಳಲ್ಲಿ ಓದಬೇಕು. ನೋಟಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಲಂಬ ಕೋನವನ್ನೂ ಬರೆದುಕೊಳ್ಳಬೇಕು. ದೂರದ ಪಟ್ಟಿ ನಕ್ಷೆಯ ಯಾವ ಏಣು, ಯಾವ ಹಳ್ಳದ ಮೇಲೆ ಹಾಯುತ್ತದೆ ಎಂದು ನೋಡಿ, ಕಣ್ಣಿಗೆ ಕಾಣುವ ನೆಲಕ್ಕೆ ಹೋಲಿಸಿ ಜಾಗ ನಿರ್ಧರಿಸಬೇಕು. ಆಮೇಲೆ ರೇಡಿಯೋ. ಇನ್ನೊಂದು ಬೆಟ್ಟದ ಕಾವಲುಗಾರನಿಗೂ ಅದೇ ಹೊಗೆ ಕಂಡರೆ ಎರಡು ಗೆರೆಗಳು ಕೂಡುವ ಜಾಗವೇ ಬೆಂಕಿ.

ತಪ್ಪು ಎಲ್ಲಿ ಆಗುತ್ತದೆ? ಒಂದು ಡಿಗ್ರಿ ಜಾರಿದರೆ 16 ಕಿಲೋಮೀಟರ್ ದೂರದಲ್ಲಿ ಸುಮಾರು 280 ಮೀಟರ್ ಜಾರುತ್ತದೆ. ಕಡಿದಾದ ಕಣಿವೆಯಲ್ಲಿ ಅಷ್ಟು ಸಾಕು, ಬೆಂಕಿ ಆರಿಸುವ ತಂಡ ತಪ್ಪು ಏಣನ್ನು ಹತ್ತಿ ಅರ್ಧ ದಿನ ಕಳೆದುಕೊಳ್ಳುತ್ತದೆ. ಕಿಟಕಿಯ ಮೂಲೆಗಂಬ ಹೊಗೆಗೆ ಅಡ್ಡ ಬಂದರೆ ಏನು ಮಾಡುವುದು? ಅದಕ್ಕೆಂದೇ ಉಪಕರಣ ಸಣ್ಣ ಹಳಿಗಳ ಮೇಲೆ ಕೂತಿರುತ್ತದೆ, ಪಕ್ಕಕ್ಕೆ ಸರಿಸಿ ನೋಡಬಹುದು. ಮುಟ್ಟಬೇಡಿ ಎಂದು ಸಿಬ್ಬಂದಿ ಹೇಳಿದರೆ ಅದು ಬಿಂಕವಲ್ಲ, ಉತ್ತರ ಜಾರಿದ ಉಪಕರಣ ಇಡೀ ಬೇಸಿಗೆ ಸುಳ್ಳು ಹೇಳುತ್ತದೆ.

ಮಂಜು ಯಾವುದು, ಹೊಗೆ ಯಾವುದು?

ಮಳೆ ನಿಂತ ಮೇಲೆ ಕಾಡಿನಿಂದ ಬಿಳಿ ಎಳೆಗಳು ಏಳುತ್ತವೆ. ಅಲ್ಲಿನ ಕಾವಲುಗಾರರು ಇವಕ್ಕೆ 'ವಾಟರ್ ಡಾಗ್' ಅನ್ನುತ್ತಾರೆ. ಅವು ಬೆಳ್ಳಗಿರುತ್ತವೆ, ಜಾಗ ಬದಲಿಸುತ್ತವೆ, ಬಿಸಿಲೇರಿದಂತೆ ಕರಗುತ್ತವೆ. ಹೊಗೆ ಒಂದೇ ಬುಡದಿಂದ ಏಳುತ್ತದೆ, ನೀಲಿ ಅಥವಾ ಬೂದು ಛಾಯೆ ಇರುತ್ತದೆ, ಹತ್ತು ನಿಮಿಷ ಬಿಟ್ಟು ನೋಡಿದರೂ ಬುಡ ಅಲ್ಲೇ ಇರುತ್ತದೆ. ಮಳೆಗಾಲದ ಚಾರ್ಮಾಡಿಯಲ್ಲೋ ಕೊಡಚಾದ್ರಿಯಲ್ಲೋ ಕಾಡಿನಿಂದ ಆವಿ ಏಳುವುದನ್ನು ಕಂಡವರಿಗೆ ಇದರಲ್ಲಿ ಹೊಸತೇನಿಲ್ಲ.

ಸಿಡಿಲು ಬಂದಾಗ ಒಳಗಿದ್ದವರ ಗತಿ?

ಬೆಟ್ಟದ ನೆತ್ತಿಯ ಒಂಟಿ ಮನೆಗೆ ಸಿಡಿಲು ಹೊಡೆದೇ ಹೊಡೆಯುತ್ತದೆ ಎಂದು ಎಣಿಸಿಯೇ ಕಟ್ಟಿದ್ದಾರೆ. ಮಾಡಿನ ಮೇಲೆ ಮಿಂಚುಕಡ್ಡಿ, ಅಲ್ಲಿಂದ ತಾಮ್ರದ ತಂತಿ ನೆಲಕ್ಕೆ. ಹತ್ತಿರದ ಫೋಟೋಗಳಲ್ಲಿ ಈ ತಂತಿ ಕಾಣುತ್ತದೆ, ಕಸವೆಂದು ಅಳಿಸಬೇಡಿ. ಒಳಗೆ ಗಾಜಿನ ಕಾಲುಗಳ ಮರದ ಸ್ಟೂಲು. ವಿದ್ಯುತ್ ಕಂಬದ ಮೇಲಿರುವಂಥ ಗಾಜಿನ ಗುಬ್ಬಿಗಳನ್ನೇ ಅದರ ಕಾಲುಗಳಿಗೆ ತೊಡಿಸಿರುತ್ತಾರೆ. ಗುಡುಗು ಹತ್ತಿರವಾದಾಗ ಕಾವಲುಗಾರ ಅದರ ಮೇಲೆ ನಿಂತು ಅಥವಾ ಕೂತು, ಒಲೆ ಮತ್ತು ರೇಡಿಯೋದಿಂದ ದೂರ ಇದ್ದು, ಸಿಡಿಲು ಎಲ್ಲೆಲ್ಲಿ ಬಿತ್ತೆಂದು ಗುರುತು ಮಾಡಿಕೊಳ್ಳುತ್ತಾನೆ. ಬಿದ್ದ ಕಿಡಿ ಒಂದೆರಡು ದಿನ ಮರದೊಳಗೆ ಅಡಗಿದ್ದು ಆಮೇಲೆ ಹೊಗೆಯಾಡುವುದೂ ಉಂಟು.

ನೋಡಲು ಬಂದವರಿಗೆ ಆ ಸ್ಟೂಲು ಇಲ್ಲ. ಕಪ್ಪು ಮೋಡ ಕಟ್ಟಿದರೆ ಟ್ರೈಪಾಡ್ ಮಡಚಿ ಏಣು ಬಿಟ್ಟು ಇಳಿಯಿರಿ.

ಅಲ್ಲಿಗೆ ತಲುಪುವುದು ಹೇಗೆ?

ಸಿಯಾಟಲ್ ಕಡೆಯಿಂದ ಬರುವವರು (ಅಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ, ಹೆಚ್ಚಿನ ಪ್ರಶ್ನೆ ಅವರದ್ದೇ) ರಾಜ್ಯ ಹೆದ್ದಾರಿ 20 ಹಿಡಿಯಬೇಕು. ಅಲ್ಲಿಂದ ಮುಂದಕ್ಕೆ ದೋಣಿ ಇಲ್ಲವೇ ಕಾಲು.

ಸುಲಭದ್ದು ದೋಣಿ. 134ನೇ ಮೈಲಿಕಲ್ಲಿನ ಬಳಿ ರಾಸ್ ಅಣೆಕಟ್ಟಿನ ಕಾಲುಹಾದಿ ಶುರು. ಸುಮಾರು ಒಂದೂವರೆ ಕಿಲೋಮೀಟರ್ ಇಳಿದರೆ ನೀರು. ಸರೋವರದಲ್ಲಿ ತೇಲುವ ಕೋಣೆಗಳ ರಾಸ್ ಲೇಕ್ ರೆಸಾರ್ಟ್ ಇದೆ, ಮೊದಲೇ ಕಾದಿರಿಸಿದರೆ ಅವರ ದೋಣಿ ಬೆಟ್ಟದ ಬುಡದ ಕಟ್ಟೆಯಲ್ಲಿ ಇಳಿಸುತ್ತದೆ. ಮರಳಿ ಕರೆದೊಯ್ಯುವ ಸಮಯವನ್ನೂ ಆಗಲೇ ಗೊತ್ತು ಮಾಡಿಕೊಳ್ಳಿ, ಬುಡದಲ್ಲಿ ನಿಂತು ಫೋನ್ ಮಾಡುವ ಮಾತಿಲ್ಲ.

ಎರಡನೆಯದು 138ನೇ ಮೈಲಿಕಲ್ಲಿನಿಂದ ಹೊರಡುವ ಈಸ್ಟ್ ಬ್ಯಾಂಕ್ ಹಾದಿ. ಬೆಟ್ಟದ ಬುಡಕ್ಕೇ 25 ಕಿಲೋಮೀಟರ್‌ಗೂ ಹೆಚ್ಚು ನಡಿಗೆ. ಹೋಗಿ ಬರಲು ಮೂರು ನಾಲ್ಕು ದಿನ ಇಟ್ಟುಕೊಳ್ಳಿ. ಕಯಾಕ್ ತರುವವರಿಗೆ ಒಂದು ಮಾತು: ಮಧ್ಯಾಹ್ನದ ಮೇಲೆ ಕಣಿವೆಯ ಗಾಳಿ ಏರಿ ಅಲೆ ಏಳುತ್ತದೆ, ಬೆಳಗ್ಗೆಯೇ ಹುಟ್ಟು ಹಾಕಿ. ಕೆನಡಾದ ಕಡೆಯಿಂದ ಸರೋವರದ ಉತ್ತರ ತುದಿಯ ಹೋಜೊಮೀನ್ ಶಿಬಿರತಾಣಕ್ಕೆ ಬರುವ ರಸ್ತೆ 2021ರ ನವೆಂಬರ್ ಪ್ರವಾಹದಲ್ಲಿ ಹಾಳಾಗಿತ್ತು. ಆ ದಾರಿ ನೆಚ್ಚಿಕೊಳ್ಳುವ ಮುನ್ನ ಈಗಿನ ಸ್ಥಿತಿ ವಿಚಾರಿಸಿ.

ದೋಣಿ ಕಟ್ಟೆಯಿಂದ ನೆತ್ತಿಗೆ ಸುಮಾರು 7.5 ಕಿಲೋಮೀಟರ್. ದೂರ ಕೇಳಿ ಮೋಸ ಹೋಗಬೇಡಿ, ಅಷ್ಟರಲ್ಲೇ 4,400 ಅಡಿ ಏರಬೇಕು. ಚೆನ್ನಾಗಿ ನಡೆಯುವವರಿಗೂ ನಾಲ್ಕು ಗಂಟೆ, ಕ್ಯಾಮೆರಾ ಚೀಲ ಹೊತ್ತವರಿಗೆ ಐದಾರು. ಎಲ್ಲರೂ ಎಡವುವುದು ನೀರಿನ ವಿಷಯದಲ್ಲಿ. ಹಿಮ ಕರಗಿದ ಮೇಲೆ ಮೇಲ್ಭಾಗದಲ್ಲಿ ನೀರಿಲ್ಲ, ತಲೆಗೆ 4 ಲೀಟರ್ ಕೆಳಗಿನಿಂದಲೇ ಹೊರಬೇಕು. ಕಾವಲುಗಾರನ ಬಳಿ ಕೇಳಬಹುದಲ್ಲ ಎಂದುಕೊಳ್ಳಬೇಡಿ. ಅವನ ನೀರೂ ಹೊತ್ತು ತಂದದ್ದೋ ಹಿಮ ಕರಗಿಸಿದ್ದೋ ಆಗಿರುತ್ತದೆ.

ಹಗಲು ಹೋಗಿ ಹಗಲೇ ಇಳಿದರೆ ಪರವಾನಗಿ ಬೇಡ. ರಾತ್ರಿ ತಂಗುವವರಿಗೆ ಇಲ್ಲಿನ ರಾಷ್ಟ್ರೀಯ ಉದ್ಯಾನದ ಪರವಾನಗಿ ಕಡ್ಡಾಯ. ನೆತ್ತಿಗಿಂತ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗೆ ಡೆಸೊಲೇಷನ್ ಕ್ಯಾಂಪ್ ಇದೆ, ಟೆಂಟ್ ಹಾಕಬೇಕಾದ್ದು ಅಲ್ಲಿ. ಕರಿ ಕರಡಿಗಳ ಕಾಡು, ಊಟದ ಸಾಮಾನನ್ನು ಟೆಂಟಿನೊಳಗೆ ಇಟ್ಟುಕೊಳ್ಳಬಾರದು.

ಫೋಟೋಗೆ ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ಮೊದಲ ಎರಡು ವಾರ. ಜುಲೈ ಮೊದಲಾರ್ಧದಲ್ಲಿ ಮೇಲೆ ಹಿಮದ ತುಂಡುಗಳಿರುತ್ತವೆ, ಹೂವೂ ಇರುತ್ತದೆ, ಜೊತೆಗೆ ಸೊಳ್ಳೆ ಮತ್ತು ಕಚ್ಚುವ ನೊಣ. ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನ ಹೊಗೆಯ ಭಯ. 2023ರ ಜುಲೈ ಕೊನೆಯಲ್ಲಿ ಸೌರ್‌ಡೋ ಬೆಟ್ಟಕ್ಕೆ ಸಿಡಿಲಿನಿಂದ ಬೆಂಕಿ ಬಿದ್ದು, ಆಗಸ್ಟ್‌ನಲ್ಲಿ ಹೆದ್ದಾರಿ 20ನ್ನೇ ಮುಚ್ಚಬೇಕಾಯಿತು. ಚಳಿಗಾಲದಲ್ಲಿ ಹಿಮಪಾತದಿಂದ ಇದೇ ಹೆದ್ದಾರಿಯ ಎತ್ತರದ ಭಾಗ ತಿಂಗಳುಗಟ್ಟಲೆ ಮುಚ್ಚಿರುತ್ತದೆ.

ನನ್ನ ಫೋಟೋದಲ್ಲಿ ಹೋಜೊಮೀನ್ ಇರುವೆಯಷ್ಟಾಗಿ ಕಾಣುತ್ತದೆ. ಕಣ್ಣಿಗೆ ಅಷ್ಟು ದೊಡ್ಡದಿತ್ತಲ್ಲ?

ಅತಿ ಹೆಚ್ಚು ಬರುವ ದೂರು ಇದೇ. ಲೆಕ್ಕ ಹಾಕೋಣ. ಹೋಜೊಮೀನ್ ಸುಮಾರು 8 ಕಿಲೋಮೀಟರ್ ದೂರ, ನಿಮ್ಮ ಕಣ್ಣಿನ ಮಟ್ಟಕ್ಕಿಂತ 600 ಮೀಟರ್ ಎತ್ತರ. ಅಂದರೆ ಅದು ದಿಗಂತದಿಂದ ಏರುವುದು ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು. ಫೋನಿನ ಮುಖ್ಯ ಕ್ಯಾಮೆರಾ 24 ಮಿ.ಮೀ. ಲೆನ್ಸಿನಂತೆ ಸುಮಾರು 53 ಡಿಗ್ರಿ ಎತ್ತರವನ್ನು ಒಳಗೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಪರ್ವತದ ಪಾಲು ಹದಿಮೂರರಲ್ಲಿ ಒಂದು. 85 ಮಿ.ಮೀ.ನಲ್ಲಿ ಅದೇ ಪರ್ವತ ಚೌಕಟ್ಟಿನ ಕಾಲುಭಾಗಕ್ಕಿಂತ ಹೆಚ್ಚು ತುಂಬುತ್ತದೆ.

ಆದರೆ ಲೆನ್ಸ್ ಬದಲಿಸಿ ನಿಂತಲ್ಲೇ ನಿಂತರೆ ಮನೆಯೂ ಅಷ್ಟೇ ದೊಡ್ಡದಾಗುತ್ತದೆ. ಮನೆಗೂ ಪರ್ವತಕ್ಕೂ ಇರುವ ಅನುಪಾತವನ್ನು ತೀರ್ಮಾನಿಸುವುದು ನೀವು ನಿಂತ ಜಾಗ. ಮನೆಯ ಅಗಲ 4.3 ಮೀಟರ್. ಅದರಿಂದ ಸುಮಾರು 57 ಮೀಟರ್ ಹಿಂದೆ ನಿಂತರೆ ಮನೆಯ ಅಗಲವೂ ಪರ್ವತದ ಎತ್ತರವೂ ಫೋಟೋದಲ್ಲಿ ಸಮ. ಇನ್ನೂ ಹಿಂದೆ ಸರಿದರೆ ಪರ್ವತ ಗೆಲ್ಲುತ್ತದೆ, ಹತ್ತಿರ ಹೋದರೆ ಮನೆ. ಹಾದಿ ದಕ್ಷಿಣದ ಏಣಿನಿಂದ ಬರುವುದು ಅನುಕೂಲವಾಯಿತು, ಹಿಂದೆ ಸರಿಯಲು ಜಾಗ ಅಲ್ಲೇ ಸಿಗುತ್ತದೆ. ತೀರಾ ತಗ್ಗಿಗೆ ಇಳಿಯಬೇಡಿ, ಮನೆಯೇ ಪರ್ವತವನ್ನು ಮುಚ್ಚಿಬಿಡುತ್ತದೆ. ಹಾದಿ ಬಿಟ್ಟು ಹುಲ್ಲಿನ ಮೇಲೂ ನಡೆಯಬೇಡಿ, ಆ ಎತ್ತರದಲ್ಲಿ ತುಳಿದ ಗಿಡ ಚಿಗುರಲು ವರ್ಷಗಳೇ ಬೇಕು.

85 ಮಿ.ಮೀ., ಎಫ್ 8, ಫೋಕಸ್ ಮನೆಯ ಮೇಲೆ: ಪರ್ವತವೂ ಸ್ಪಷ್ಟವಾಗಿ ಬರುತ್ತದೆ. ಫೋನಿನವರು ಮೂರು ಪಟ್ಟಿನ ಟೆಲಿ ಕ್ಯಾಮೆರಾ ಬಳಸಿ, ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡ.

ಕೆರೊವಾಕ್ ಈ ಪರ್ವತವನ್ನು ನೋಡಿ ನೋಡಿ ಸುಸ್ತಾಗಿ ಒಮ್ಮೆ ತಲೆ ಕೆಳಗಾಗಿ ನಿಂತು ನೋಡಿದ್ದನ್ನು ಬರೆದಿದ್ದಾನೆ. ಹಳೆಯ ಕಾಲದ ದೊಡ್ಡ ವ್ಯೂ ಕ್ಯಾಮೆರಾ ಹೊತ್ತು ಬರುವವರಿಗೆ ಆ ಕಸರತ್ತು ಬೇಡ, ಅದರ ಹಿಂಬದಿಯ ಉಜ್ಜುಗಾಜಿನ ಮೇಲೆ ಹೋಜೊಮೀನ್ ಹೇಗೂ ಬುಡಮೇಲಾಗಿಯೇ ತೂಗುತ್ತದೆ.

ಬೆಳಕು ಯಾವ ಹೊತ್ತಿನಲ್ಲಿ?

ಪರ್ವತ ಮನೆಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಹಾಗಾಗಿ ಪ್ರಸಿದ್ಧ ಚೌಕಟ್ಟು ಉತ್ತರಮುಖ. ನಡುಹಗಲು ಸೂರ್ಯ ಬೆನ್ನ ಹಿಂದಿದ್ದು ಬಂಡೆ ಚಪ್ಪಟೆಯಾಗುತ್ತದೆ. ಜುಲೈ ನಡುವಿನಲ್ಲಿ ಸೂರ್ಯೋದಯ ಬೆಳಗ್ಗೆ 5:20ರ ಹೊತ್ತಿಗೆ, ಅಸ್ತ ರಾತ್ರಿ 9ರ ಸುಮಾರಿಗೆ (ಸುತ್ತಲಿನ ಬೆಟ್ಟಗಳಿಂದ ಹಿಂದುಮುಂದಾಗಬಹುದು). ಆಗ ಸೂರ್ಯ ವಾಯವ್ಯದಲ್ಲಿ, ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದರೆ 304 ಡಿಗ್ರಿಯ ಬಳಿ ಮುಳುಗುವುದರಿಂದ ಪರ್ವತದ ನಮ್ಮ ಕಡೆಯ ಮುಖ ಅರ್ಧ ನೆರಳಿಗೆ ಜಾರುತ್ತದೆ. ಸೆಪ್ಟೆಂಬರ್ 1ರ ಸುಮಾರಿಗೆ ಅಸ್ತ 7:45ಕ್ಕೆ, 283 ಡಿಗ್ರಿಯಲ್ಲಿ. ಬೆಳಕು ಎಡಗಡೆಯಿಂದ ಅಡ್ಡ ಹಾಯ್ದು ಬಂಡೆಯ ಒಂದೊಂದು ಸೀಳನ್ನೂ ಎತ್ತಿ ತೋರಿಸುತ್ತದೆ. ಸೆಪ್ಟೆಂಬರ್ ಎಂದು ಹೇಳುವುದಕ್ಕೆ ಇದೂ ಕಾರಣ.

ಪೋಲರೈಸರ್ ಫಿಲ್ಟರ್ ಸೂರ್ಯನಿಗೆ ಅಡ್ಡಲಾಗಿ ಹಿಡಿದಾಗ ಮಾತ್ರ ಪೂರ್ಣ ಕೆಲಸ ಮಾಡುತ್ತದೆ. ಮಧ್ಯಾಹ್ನ ಉತ್ತರಕ್ಕೆ ಹಿಡಿದರೆ ಫಲ ಕಡಿಮೆ. ಸಂಜೆ ಹಾಕಿ.

ಒಳಗಿನಿಂದ ತೆಗೆದರೆ ಕಿಟಕಿ ಬರೀ ಬಿಳಿ, ಇಲ್ಲವೇ ಕೋಣೆ ಬರೀ ಕಪ್ಪು. ಏನು ಮಾಡಲಿ?

ಎತ್ತಿದ ಹಲಗೆಗಳ ನೆರಳಿನಿಂದ ಕೋಣೆ ನಾವೆಣಿಸಿದ್ದಕ್ಕಿಂತ ಕತ್ತಲು. ಎರಡು ಸ್ಟಾಪ್ ಅಂತರದಲ್ಲಿ (ಒಂದೊಂದಕ್ಕೂ ಬೆಳಕು ನಾಲ್ಕು ಪಟ್ಟು ವ್ಯತ್ಯಾಸ) ಐದು ಚಿತ್ರ ತೆಗೆದು ಆಮೇಲೆ ಕೂಡಿಸಬಹುದು. ಅದಕ್ಕಿಂತ ಒಳ್ಳೆಯದು ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಾಯುವುದು. ಹೊರಗಿನ ಬೆಳಕು ಇಳಿದು ಒಳಗಿನ ದೀಪಕ್ಕೆ ಸಮನಾಗುವ ಹತ್ತು ನಿಮಿಷ ಸಿಗುತ್ತದೆ. ಗಾಜಿನ ಪ್ರತಿಬಿಂಬಕ್ಕೆ ಲೆನ್ಸನ್ನು ಗಾಜಿಗೆ ತಾಗಿಸಿ, ಸುತ್ತ ಕಪ್ಪು ಬಟ್ಟೆ ಒತ್ತಿ. ಇದು ಒಬ್ಬರು ಕೆಲಸ ಮಾಡುವ ಜಾಗ, ಅವರ ಮನೆ ಕೂಡ. ಬಾಗಿಲಲ್ಲಿ ನಿಂತು ಕೇಳಿ ಒಳಗೆ ಹೋಗಿ.

ರಾತ್ರಿ ನಕ್ಷತ್ರಗಳ ಜೊತೆ?

ಈ ಜಾಗದ ದೊಡ್ಡ ಅದೃಷ್ಟ ಇಲ್ಲಿದೆ. ಪರ್ವತ ನೇರ ಉತ್ತರಕ್ಕಿರುವುದರಿಂದ ಧ್ರುವ ನಕ್ಷತ್ರ ಹೋಜೊಮೀನ್ ನೆತ್ತಿಯ ಮೇಲೇ ನಿಲ್ಲುತ್ತದೆ, ನಕ್ಷತ್ರಗಳ ಸುತ್ತುಗೆರೆಗಳ ಕೇಂದ್ರವೂ ಅಲ್ಲೇ. ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿಯಲ್ಲಿ ಕಟ್ಟಡಗಳ ಹಿಂದೆ ಅಡಗುವ ಧ್ರುವ ಇಲ್ಲಿ 49 ಡಿಗ್ರಿ ಎತ್ತರದಲ್ಲಿದೆ. ಎರಡೂ ಬರಬೇಕಾದರೆ 20 ಮಿ.ಮೀ. ಲೆನ್ಸ್, ಕ್ಯಾಮೆರಾ ನಿಲುವಾಗಿ. 30 ಸೆಕೆಂಡಿನ 120 ಚಿತ್ರ, ನಡುವೆ ಒಂದು ಸೆಕೆಂಡ್ ಅಂತರ, ಐಎಸ್‌ಒ 800ರಿಂದ 1600, ಎಫ್ 2.8ರಿಂದ 4. ಚಿತ್ರಗಳ ನಡುವಿನ ಅಂತರ ಹೆಚ್ಚಾದರೆ ಗೆರೆ ತುಂಡಾಗುತ್ತದೆ.

ಜೂನ್ ಕೊನೆಯಲ್ಲಿ ಪೂರ್ಣ ಕತ್ತಲೆ ಆಗುವುದೇ ಇಲ್ಲ. ಜುಲೈ ನಡುವಿನಲ್ಲಿ ನಡುರಾತ್ರಿಯ ನಂತರ ಎರಡು ಗಂಟೆ ಚಿಲ್ಲರೆ. ಸೆಪ್ಟೆಂಬರ್ ಆರಂಭದಲ್ಲಿ ಆರು ಗಂಟೆಗೂ ಹೆಚ್ಚು. ಏಣಿನ ಗಾಳಿಗೆ ಟ್ರೈಪಾಡ್ ನಡುಗುತ್ತದೆ, ಕೆಳಗೆ ಚೀಲ ತೂಗುಹಾಕಿ. ಒಳಗೆ ದೀಪ ಹಚ್ಚಿ ಎಂದು ಮಲಗಿದವರನ್ನು ಎಬ್ಬಿಸಬೇಡಿ.

ಡ್ರೋನ್?

ನಿಷೇಧ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಜಾಗಗಳಲ್ಲಿ 2014ರಿಂದ ಡ್ರೋನ್ ಹಾರಿಸುವಂತಿಲ್ಲ.

ಕಾವಲುಮನೆಯಿಂದಲೇ ತೆಗೆದ ಹಳೆಯ ಫೋಟೋಗಳು ಇವೆಯೇ?

1930ರ ದಶಕದಲ್ಲಿ ಅರಣ್ಯ ಸೇವೆ ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳ ನೂರಾರು ಕಾವಲುಗಳಿಂದ ಸುತ್ತುನೋಟದ ಚಿತ್ರ ತೆಗೆಸಿತು. ಇದಕ್ಕೆ ಬಳಸಿದ ವಿಶೇಷ ಕ್ಯಾಮೆರಾ ಕೂಡ ಫೈರ್ ಫೈಂಡರ್ ರೂಪಿಸಿದ ಆಸ್‌ಬೋರ್ನ್‌ನದ್ದೇ. ಒಂದೊಂದು ಚಿತ್ರ 120 ಡಿಗ್ರಿ, ಮೂರು ಸೇರಿದರೆ ಪೂರ್ಣ ವೃತ್ತ. ಅಂಚಿನಲ್ಲಿ ದಿಕ್ಕಿನ ಕೋನದ ಅಳತೆ ಅಚ್ಚಾಗಿರುತ್ತದೆ. ಕಾವಲುಗಾರ ಕೋನ ಹೇಳಿದರೆ ಕಚೇರಿಯಲ್ಲಿ ಕೂತವನು ಚಿತ್ರದಲ್ಲಿ ಅದೇ ಏಣನ್ನು ಬೆರಳಿಟ್ಟು ನೋಡಬಹುದಿತ್ತು. ಇಂದು ಅದೇ ಜಾಗದಿಂದ ಮತ್ತೆ ಚಿತ್ರ ತೆಗೆದು ಕಾಡು, ಹಿಮನದಿ ಎಷ್ಟು ಬದಲಾಗಿವೆ ಎಂದು ಹೋಲಿಸುತ್ತಾರೆ. ಚೆಂದಕ್ಕೆಂದು ತೆಗೆಯದ ಈ ಚಿತ್ರಗಳ ಎದುರು ನಮ್ಮ ಸೂರ್ಯಾಸ್ತಗಳು ಸ್ವಲ್ಪ ಪೇಲವ.

ಅಂತರ್ಜಾಲದ ಫೋಟೋವನ್ನು ನನ್ನ ಲೇಖನಕ್ಕೆ ಬಳಸಬಹುದೇ? ಕೆರೊವಾಕ್‌ನನ್ನು ಕನ್ನಡಕ್ಕೆ ಅನುವಾದಿಸಬಹುದೇ?

ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಭಾಗವಾಗಿ ತೆಗೆದ ಚಿತ್ರಗಳಿಗೆ ಆ ದೇಶದಲ್ಲಿ ಹಕ್ಕುಸ್ವಾಮ್ಯ ಇಲ್ಲ. ಉದ್ಯಾನ ಸೇವೆಯ ತಾಣದಲ್ಲಿ ಅಂಥವು ಸಿಗುತ್ತವೆ, ಆದರೆ ಅಲ್ಲೂ ಕೆಲವು ಹೊರಗಿನವರ ಚಿತ್ರ ಇರುತ್ತವೆ, ಹೆಸರು ನೋಡಿಕೊಳ್ಳಿ. ಖಾಸಗಿ ಛಾಯಾಗ್ರಾಹಕರದ್ದಾದರೆ ಕೇಳಿಯೇ ಬಳಸಬೇಕು.

ಕೆರೊವಾಕ್ ತೀರಿಕೊಂಡದ್ದು 1969ರ ಅಕ್ಟೋಬರ್‌ನಲ್ಲಿ. ಭಾರತದಲ್ಲಿ ಬದುಕಿದ್ದಾಗ ಪ್ರಕಟಿಸಿದ ಕೃತಿಯ ಹಕ್ಕು ಲೇಖಕ ಸತ್ತ ಮರುವರ್ಷದಿಂದ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ಇಲ್ಲಿ 2029ರ ಕೊನೆಯವರೆಗೆ ಅನುಮತಿ ಬೇಕು. ಅಮೆರಿಕದಲ್ಲಿ ಲೆಕ್ಕ ಬೇರೆ, ಅವಧಿ ಇನ್ನೂ ದೀರ್ಘ.

ಅಡಿಬರಹ ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು?

'ಆನ್ ದ ರೋಡ್ ಬರೆದ ಮನೆ' ಎನ್ನುವುದು ಮೊದಲನೆಯದು. ಅದರ ಪ್ರಸಿದ್ಧ ಸುರುಳಿ ಕಾಗದದ ಪ್ರತಿ ಟೈಪ್ ಆದದ್ದು 1951ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕಿನಲ್ಲಿ. 'ರಾಷ್ಟ್ರೀಯ ಉದ್ಯಾನದ ನೌಕರ ಕೆರೊವಾಕ್' ಎಂಬುದೂ ತಪ್ಪು, ಉದ್ಯಾನ ಹುಟ್ಟಿದ್ದೇ 1968ರಲ್ಲಿ, ಅವನಿಗೆ ಸಂಬಳ ಕೊಟ್ಟದ್ದು ಅರಣ್ಯ ಸೇವೆ. 'ಮೂಲ ಮನೆ ಬಿದ್ದುಹೋಗಿದೆ, ಇದು ಪ್ರತಿಕೃತಿ' ಎಂದೂ ಬರೆಯುತ್ತಾರೆ. ದುರಸ್ತಿ ಕಂಡಿದ್ದರೂ ಇದು 1932ರ ಮನೆಯೇ, 1989ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿದೆ.

ಈಗಲೂ ಅಲ್ಲಿ ಕಾವಲು ಇದೆಯೇ? ಒಂದು ರಾತ್ರಿ ಒಳಗೆ ಮಲಗಬಹುದೇ?

ಉಪಗ್ರಹ, ವಿಮಾನ, ಕ್ಯಾಮೆರಾಗಳು ಬಂದ ಮೇಲೆ ಅಮೆರಿಕದ ಹೆಚ್ಚಿನ ಕಾವಲುಮನೆಗಳು ಖಾಲಿಯಾದವು. ಡೆಸೊಲೇಷನ್‌ನಲ್ಲಿ ಇತ್ತೀಚಿನ ವರ್ಷಗಳಲ್ಲೂ ಬೇಸಿಗೆಯಲ್ಲಿ ಕಾವಲುಗಾರರನ್ನು ಇರಿಸಿದ್ದಾರೆ. ಒಳಗೆ ಸಾರ್ವಜನಿಕರು ತಂಗುವಂತಿಲ್ಲ. ಹಾಗೆ ತಂಗುವ ಆಸೆ ಇದ್ದರೆ ಅದೇ ಸೀಮೆಯ ಹಿಡನ್ ಲೇಕ್ ಮನೆ ಇದೆ, ಮೊದಲು ಬಂದವರಿಗೆ ಜಾಗ. ಅಲ್ಲಿಂದ ಹೋಜೊಮೀನ್ ಈ ರೂಪದಲ್ಲಿ ಸಿಗುವುದಿಲ್ಲ.